ಮೆತ್ತಗಿನ ಲೆನ್ಸು

ಫೋಟೋದಲ್ಲಿ ಮೊಳೆ ಎಷ್ಟು ಚೂಪಾಗಿ ಬಂದಿದೆ, ಮಗಳು ಪುಟ್ಟಿಯ ತಲೆಯ ಹಿಂದೆ ಸ್ಟುಡಿಯೋ ಗೋಡೆಯಲ್ಲಿರುವ ಮೊಳೆ, ಅದರ ತುಕ್ಕಿನ ಚುಕ್ಕೆಗಳನ್ನೂ ಎಣಿಸಬಹುದು, ಮುಖ ಮಾತ್ರ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ — ಅವಳು ಕಂಪ್ಯೂಟರಿಗೆ ಇನ್ನಷ್ಟು ಬಾಗಿದಳು, ಲೆನ್ಸು ಮೆತ್ತಗಿದ್ದರೆ ಮೊಳೆಯೂ ಮೆತ್ತಗಿರಬೇಕಿತ್ತಲ್ಲ, ಹೋದ ವಾರದ ಮದುಮಕ್ಕಳ ಫೋಟೋದಲ್ಲೂ ಹಿಂದಿನ ಕರ್ಟನ್ನಿನ ನೆರಿಗೆ ಸ್ಪಷ್ಟ, ಕಣ್ಣುಗಳು ಮಸುಕು, ಅಂದರೆ ತಪ್ಪು ಲೆನ್ಸಿನದಲ್ಲ, ರಿಂಗ್ ತಿರುಗಿಸಿ ಕಣ್ಣಂದಾಜಿನಲ್ಲೇ ಫೋಕಸ್ ಕೂರಿಸುವ ಮಾವನಿಗೆ ಎದುರಿನ ಮುಖ ಕಾಣುತ್ತಿಲ್ಲ. ಹಳೇ ಲೆನ್ಸಮ್ಮಾ, ನನ್ನಷ್ಟೇ ವಯಸ್ಸು ಅದಕ್ಕೆ, ನೀನೊಂಚೂರು ಸಾಣೆ ಹಿಡಿದ್ಬಿಡು, ಎಂದು ಅವರು ನಗುವುದು, ಎರಡು ವರ್ಷದಿಂದ ಇವಳು ಶಾರ್ಪ್‌ನೆಸ್ ಏರಿಸುತ್ತಲೇ ಇರುವುದು — ಇರುವ ಅಂಚು ಹರಿತವಾದೀತು, ಇಲ್ಲದ ರೆಪ್ಪೆಗೂದಲು ಎಲ್ಲಿಂದ ಹುಟ್ಟಬೇಕು, ಅವನ್ನು ತಾನೇ ಒಂದೊಂದಾಗಿ ಗೀರಿ ಕೂರಿಸಿದಳು, ಯಾರಿಗೂ ಹೇಳಲಿಲ್ಲ, ಮುದುಕರ ಮನಸ್ಸು ನೋಯದಿರಲಿ ಎಂದುಕೊಂಡಳು, ಗಿರಾಕಿಗಳು ಹೊಗಳಿದರು, ಊರೇ ಮೆಚ್ಚುತ್ತಿದೆ, ನನಗ್ಯಾಕೋ ಕಣ್ಣಿನ ಡಾಕ್ಟ್ರು ಎಂದು ಮಾವ ಮಗನ ಬಾಯಿ ಮುಚ್ಚಿಸಿದರು, ಆ ಫೋಟೋಗಳನ್ನು ನೋಡಿಯೇ ಗಂಡ ಒಪ್ಪಿದ್ದು, ಇವತ್ತಿನಿಂದ ಪುಟ್ಟಿಯನ್ನು ಕಾರಿನಲ್ಲಿ ಶಾಲೆಗೆ ಬಿಡುವುದು ಮಾವನೇ. ಈಗ ಹೇಳಿದರೆ ಎರಡು ವರ್ಷ ನಿನ್ನ ಬಾಯಲ್ಲೇನು ಕಡುಬಿತ್ತಾ ಎಂದು ಗಂಡ ಕೇಳುವುದಿಲ್ಲವೇ, ಕೇಳಲಿ, ಬಯ್ಯಲಿ, ಮೊಳೆ ಇಷ್ಟು ಸ್ಪಷ್ಟ, ಅದರ ಮುಂದೆ ಮುಖವಿಲ್ಲ, ರಸ್ತೆಗೆ ಅಡ್ಡ ಬರುವವರಿಗೂ ಮುಖವಿರುವುದಿಲ್ಲ, ಏಳು, ಎದ್ದು ಹೋಗು, ಹೊರಗೆ ಕಾರಿನ ಬಾಗಿಲು ಬಡಿಯಿತು, ತಾತಾ ನಾನು ಮುಂದೆ ಕೂರ್ತೀನಿ, ಕೂರು ಮರಿ, ಇಂಜಿನ್ ಕೆಮ್ಮಿ ಹಿಡಿದುಕೊಂಡಿತು, ಅವಳು ಕಿಟಕಿಗೆ ಓಡಿ, ಮಾವ, ಎಂದಳು. ಅವರು ದನಿ ಬಂದ ಕಡೆಗೆ ತಿರುಗಿದರು, ಅವಳಿಗಿಂತ ಒಂದು ಮಾರು ಆಚೆಗೆ ನೋಡಿ ನಕ್ಕರು. ಏನಮ್ಮಾ, ಮೊಮ್ಮಗಳ ಫೋಟೋ ಹೇಗೆ ಬಂದಿದೆ. ಹೇಳು, ಈಗಲೇ, ಇಷ್ಟು ದಿನ ಗೀರಿದ ಒಂದೊಂದು ಕೂದಲೂ ನಾಲಿಗೆಗೆ ಸುತ್ತಿಕೊಂಡು — ಚೆನ್ನಾಗಿ ಬಂದಿದೆ ಮಾವ, ಎಂದಿತು ಅವಳದೇ ದನಿ, ಮತ್ತೆ ಅವಳು ಕುರ್ಚಿಯಲ್ಲಿದ್ದಾಳೆ, ಯಾವಾಗ ಕೂತಳೋ, ಕಾರಿನ ಸದ್ದು ತಿರುವಿನವರೆಗೆ ಕೇಳಿ ಆಮೇಲೆ ಕೇಳಲಿಲ್ಲ, ಎದುರಿಗೆ ಮೊಳೆ, ಮೊಳೆಯ ತುಕ್ಕು, ಅದರ ಮುಂದೆ ಪುಟ್ಟಿಯ ಮುಖವಿರಬೇಕಾದ ಜಾಗ.