ಕತ್ತು ವಾಲದ ಫೋಟೋಗಳು

ನಮ್ಮ ಭಾವನಿಗೆ ಈ ಲೋಕದಲ್ಲಿ ಯಾರ ಕತ್ತೂ ನೆಟ್ಟಗೆ ಕಂಡದ್ದಿಲ್ಲ. ಫೋಟೋ ಸ್ಟುಡಿಯೋ ಇಟ್ಟವರು. ಸ್ಟೂಲಿನ ಮೇಲೆ ಯಾರೇ ಕೂರಲಿ, ಎರಡು ಬೆರಳಿನಿಂದ ಗದ್ದ ಹಿಡಿದು ಇಷ್ಟೇ ಇಷ್ಟು ತಿರುಗಿಸದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ನನ್ನ ಗದ್ದಕ್ಕೂ ಕೈ ಹಾಕಿ ಬೈಸಿಕೊಂಡಿದ್ದಾರೆ.

ಅಂಥವರ ಮಗಳು ಚೂಟಿಯ ಕತ್ತೇ ಬಲಕ್ಕೆ ವಾಲಿದೆ ಎಂದು ಹೇಳಲು ಶಾಲೆಯ ಮೇಷ್ಟ್ರೇ ಬೇಕಾಯಿತು. ಯಾವಾಗಿನಿಂದ ಎಂದರೆ ಅಕ್ಕನಿಗೆ ಗೊತ್ತಿಲ್ಲ. ಮೊದಲಿನಿಂದಲೂ ಹಾಗೇ ಇತ್ತೇನೋ, ಈಗ ಕಣ್ಣಿಗೆ ಬೀಳುತ್ತಿದೆ ಅಷ್ಟೆ, ಎಂದಳು. "ಅದೆಲ್ಲ ಸ್ಟೈಲು. ಫೋನ್ ನೋಡಿ ಕಲಿತಿದ್ದಾಳೆ," ಎಂದರು ಭಾವ. ನಾನು ಹಟ ಹಿಡಿದು ಚೂಟಿಯನ್ನು ನನ್ನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ನಾನು ಡಾಕ್ಟರಲ್ಲ, ಆರ್ಥಾಪ್ಟಿಸ್ಟ್. ಎರಡು ಕಣ್ಣೂ ಜೊತೆಜೊತೆಯಾಗಿ ಓಡಾಡುತ್ತವೆಯೇ ಎಂದು ಅಳೆಯುವುದು ನನ್ನ ಕೆಲಸ. ಕತ್ತಲು ಮಾಡಿದ ಕೋಣೆಯಲ್ಲಿ ಅವಳ ತಲೆಯನ್ನು ನೆಟ್ಟಗೆ ಹಿಡಿದು ಟಾರ್ಚ್ ತೋರಿಸಿದೆ.

"ಎಷ್ಟು ಲೈಟು ಕಾಣುತ್ತೆ?"

"ಎರಡು. ಒಂದು ಮೇಲೆ, ಒಂದು ಕೆಳಗೆ." ಕೈ ಬಿಟ್ಟೆ. ಕತ್ತು ತಾನಾಗಿಯೇ ಬಲಕ್ಕೆ ವಾಲಿತು. "ಈಗ ಒಂದೇ! ಚಿಕ್ಕಮ್ಮ, ಹೆಂಗ್ ಮಾಡಿದ್ರಿ?"

ನಾನೇನೋ ಜಾದೂ ಮಾಡಿದೆ ಎಂದುಕೊಂಡು ಅವಳು ನಗುತ್ತಿದ್ದಳು. ಪ್ರಿಸಂ ಗಾಜು ಇಟ್ಟು ಅಳೆಯಲು ಹೋದರೆ ಕಿಲಕಿಲ ನಗು, ಒಂದೊಂದು ಸಲಕ್ಕೆ ಒಂದೊಂದು ಉತ್ತರ. ಎಡಗಣ್ಣು ಮೇಲಕ್ಕೆ ಸರಿಯುತ್ತಿರುವುದಂತೂ ನಿಜ. ಎರಡಾಗಿ ಕಂಡದ್ದನ್ನು ಒಂದು ಮಾಡಿಕೊಳ್ಳಲೆಂದೇ ಕತ್ತು ವಾಲುತ್ತಿತ್ತು.

ಡಾಕ್ಟರು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಹುಟ್ಟಿದಾಗಿನಿಂದ ಇದ್ರೆ ಅವಸರ ಇಲ್ಲ. ಹೊಸದಾಗಿ ಬಂದಿದ್ರೆ ತಲೆಯೊಳಗೆ ಏನೋ ನರಾನ ಒತ್ತುತಾ ಇರಬಹುದು. ಆಗ ಸ್ಕ್ಯಾನ್ ಇವತ್ತೇ ಆಗಬೇಕು. ನಿಮ್ಮ ಭಾವನ ಸ್ಟುಡಿಯೋ ರಸ್ತೆ ಆಚೆಗೇ ಇದೆಯಲ್ಲ, ಹಳೇ ಫೋಟೋ ನೋಡಿ ಬಂದುಬಿಡಿ."

ನಮ್ಮ ಕಸುಬಿನಲ್ಲಿ ಇದು ಬಳಕೆಯ ದಾರಿ. ಹುಟ್ಟಿನಿಂದ ವಾಲುವ ಕತ್ತು ಹಸುಗೂಸಿನ ಫೋಟೋದಲ್ಲೂ ವಾಲಿರುತ್ತದೆ. ಎಷ್ಟೋ ತಾಯಂದಿರು ಆಲ್ಬಂ ಬಿಡಿಸಿ "ಅಯ್ಯೋ, ಹೌದಲ್ಲ" ಎಂದು ನಕ್ಕು, ಹಗುರಾಗಿ ಮನೆಗೆ ಹೋಗಿದ್ದಾರೆ. ಚೂಟಿಯ ಕೈ ಹಿಡಿದು ರಸ್ತೆ ದಾಟುವಾಗ ನಾನು ಬೇಡುತ್ತಿದ್ದುದು ಅಷ್ಟೇ. ಒಂದು ವಾಲಿದ ಕತ್ತು ಸಿಗಲಿ.

ಸ್ಟುಡಿಯೋ ಗೋಡೆಯ ತುಂಬ ಚೂಟಿ. ತೊಟ್ಟಿಲಲ್ಲಿ, ಸೈಕಲ್ ಮೇಲೆ, ಹಲ್ಲು ಬಿದ್ದ ಬಾಯಿ ತೆರೆದು. ಒಂದೊಂದನ್ನೂ ನೋಡುತ್ತ ಹೋದೆ. ಎಲ್ಲದರಲ್ಲೂ ಕತ್ತು ನೆಟ್ಟಗಿತ್ತು. ಹಾಗಾದರೆ ಇದು ಹೊಸದು. ಮರುಕ್ಷಣವೇ, ಇದು ಯಾರ ಸ್ಟುಡಿಯೋ ಎಂಬುದು ನೆನಪಾಯಿತು. ಇಲ್ಲಿ ಯಾರ ಕತ್ತು ತಾನೇ ತನ್ನಷ್ಟಕ್ಕೆ ಇದ್ದೀತು? ಜೀವಮಾನದಲ್ಲಿ ಮೊದಲ ಸಲ ಭಾವನ ಆ ಎರಡು ಬೆರಳನ್ನು ಮನಸಾರೆ ಹರಸಿದೆ.

"ಭಾವ, ಇವಳ ಕತ್ತನ್ನೂ ನೀವೇ ತಿರುಗಿಸಿ ಕೂರಿಸ್ತಿದ್ರಿ ತಾನೇ?"

ಅವರಿಗೆ ಮೂಗಿನ ತುದಿಗೇ ಕೋಪ ಬಂತು. "ನನ್ನ ಮಗಳ ಕತ್ತನ್ನಾ? ಏನಂದ್ಕೊಂಡಿದೀಯ ಡಾಕ್ಟರಮ್ಮ? ನಾನು ಕೈ ಮುಟ್ಟಿಸದೆ ಫೋಟೋ ತೆಗೆದಿರೋದು ಇವಳೊಬ್ಬಳದ್ದೇ. ಕೂರಿಸಿದ್ರೆ ಸಾಕು, ಬೊಂಬೆ ಥರ ನೆಟ್ಟಗೆ."

"ಒಂದು ಸಲಾನೂ ಮುಟ್ಟಿಲ್ವಾ?"

"ಇದನ್ನ ನೋಡು." ಫೋನ್ ತೆಗೆದರು. "ಕಳೆದ ಬೇಸಿಗೆ. ಆಡ್ತಾ ಇದ್ದಾಗ ಅವಳಿಗೆ ಗೊತ್ತಿಲ್ಲದ ಹಾಗೆ ತೆಗೆದಿದ್ದು."

ಚೂಟಿ ಚೆಂಡಿನ ಹಿಂದೆ ಓಡುತ್ತಿದ್ದಳು. ಕೂದಲು ಕೆದರಿತ್ತು, ಒಂದು ಕಾಲಿನ ಚಪ್ಪಲಿ ಕಳಚಿತ್ತು. ಕತ್ತು ಮಾತ್ರ ನೂಲು ಹಿಡಿದಷ್ಟು ನೇರ. ಭಾವ ನಾನು ಹೊಗಳಲೆಂದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಆ ಹೆಮ್ಮೆ ಕಂಡು ನನಗೆ ಅವರ ಮೇಲೆ ವಿನಾಕಾರಣ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಭಯ ಬಂತು.

"ಅಂಗಡಿ ಮುಚ್ಚಿ, ಭಾವ. ಆಸ್ಪತ್ರೆಗೆ ಹೋಗೋಣ."

"ಈಗಲಾ? ಪಾಸ್‌ಪೋರ್ಟ್ ಫೋಟೋಗೆ ಗಿರಾಕಿ ಬರ್ತಾರೆ."

"ಬೇರೆ ಕಡೆ ಹೋಗ್ಲಿ. ಅಕ್ಕನಿಗೆ ನೀವೇ ಫೋನ್ ಮಾಡಿ, ಅಲ್ಲಿಗೇ ಬರೋಕೆ ಹೇಳಿ."

ಗೊಣಗುತ್ತಲೇ ದೀಪ ಆರಿಸಿ ಹೊರಗೆ ಬಂದರು. ಬಾಗಿಲಿನ ಹೊರಗೆ ಮೂರೇ ಮೆಟ್ಟಿಲು. ಚೂಟಿ ಮೇಲಿನದರ ಮೇಲೆ ನಿಂತುಬಿಟ್ಟಳು. ಒಂದು ಕಾಲು ಮುಂದೆ ಚಾಚಿ, ಗಾಳಿಯಲ್ಲಿ ತಡಕಾಡಿ, ಹಿಂದಕ್ಕೆಳೆದುಕೊಂಡಳು.

"ಅಪ್ಪ," ಎಂದಳು, ಮಾಮೂಲಿ ದನಿಯಲ್ಲಿ. "ಇದರಲ್ಲಿ ನಿಜವಾದ ಮೆಟ್ಟಿಲು ಯಾವುದು?"

ಭಾವನ ಗೊಣಗಾಟ ನಿಂತಿತು. ಅವರು ಮೆಟ್ಟಿಲು ನೋಡಿದರು, ಮಗಳನ್ನು ನೋಡಿದರು, ಆಮೇಲೆ ನನ್ನನ್ನು. ಬೀಗವನ್ನು ಹಾಗೇ ಬಾಗಿಲಿಗೆ ನೇತಾಡಲು ಬಿಟ್ಟು, ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗಿಯನ್ನು ಎತ್ತಿಕೊಂಡರು.

ನಾನು ಫೋನ್ ಮಾಡಿದೆ. "ಹಳೇದಲ್ಲ, ಡಾಕ್ಟ್ರೇ. ಕರ್ಕೊಂಡು ಬರ್ತಾ ಇದೀವಿ."