ಎತ್ತಿ ಒತ್ತಿದರೆ ಮುಚ್ಚುವ ಬಾಗಿಲು

ನಾನು ಒಂದು ಅಂಬಾಸಿಡರ್ ಕಾರು. ಈಗ ಬೈಕಂಪಾಡಿಯಲ್ಲಿ ಐತಪ್ಪನ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿದ್ದೇನೆ. ಹಿಂದಿನ ಸೀಟಿನ ಮೇಲೆ ಒಂದು ಕೆಂಪು ಹೇಂಟೆ ಕಾವಿಗೆ ಕೂತಿದೆ. ನಗಬೇಡಿ! ಒಂದು ಕಾಲದಲ್ಲಿ ನಾನು ರಸ್ತೆಗಿಳಿದರೆ ಎತ್ತಿನ ಗಾಡಿಯವರು ಗಾಡಿಯನ್ನು ಬದಿಗೆ ಹಿಡಿದು ನಿಂತು ನೋಡುತ್ತಿದ್ದರು.

ನಾನು ಹುಟ್ಟಿದ್ದು ದೂರದ ಬಂಗಾಳದ ಕಾರ್ಖಾನೆಯಲ್ಲಿ. ನನ್ನ ಜೊತೆಗೆ ಹುಟ್ಟಿದವರಲ್ಲಿ ಹೆಚ್ಚಿನವರು ಬಿಳಿಯರು, ಸರ್ಕಾರಿ ಸಾಹೇಬರ ಪಾಲಿಗೆ ಹೋದವರು. ನನಗೆ ಮಾತ್ರ ಆಕಾಶನೀಲಿ ಬಣ್ಣ ಬಳಿದರು. ಆ ಬಣ್ಣ ಹೋಗಿ ಎಷ್ಟೋ ಕಾಲವಾಯಿತು, ಅದರ ಜಂಬ ಮಾತ್ರ ಇನ್ನೂ ಹೋಗಿಲ್ಲ.

ನನ್ನನ್ನು ಮಂಗಳೂರಿಗೆ ತರಿಸಿಕೊಂಡವರು ಜಾರಪ್ಪ ಆಳ್ವರು. ನೇತ್ರಾವತಿಯ ದಡದಲ್ಲಿದ್ದ ಒಂದು ಹೆಂಚಿನ ಕಾರ್ಖಾನೆಗೆ ಅವರು ಮೇನೇಜರು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಅವರು ಮತ್ತು ಒಬ್ಬಳೇ ಮಗಳು ಜಲಜಾಕ್ಷಿ. ಅವರ ಚಪ್ಪಲಿಗೆ ಅಂಟಿ ಬಂದ ಹೆಂಚಿನ ಕೆಂಪು ಧೂಳು ನನ್ನ ಒಳಗೆಲ್ಲ ತುಂಬಿರುತ್ತಿತ್ತು. ಮೊದಮೊದಲು ನನಗೆ ಭಾರಿ ಸಿಟ್ಟು ಬರುತ್ತಿತ್ತು. ಆಮೇಲೆ ಆ ಧೂಳಿನ ವಾಸನೆಯೇ ಮನೆಯ ವಾಸನೆಯಾಯಿತು.

ಜಲಜಾಕ್ಷಿ ಹಟದ ಹುಡುಗಿ. ಹೆಣ್ಣುಮಕ್ಕಳು ಕಾರು ಬಿಡುವುದನ್ನು ಊರು ಇನ್ನೂ ಕಂಡಿರದ ದಿನಗಳಲ್ಲಿ ತನಗೆ ಡ್ರೈವಿಂಗ್ ಕಲಿಸಲೇಬೇಕೆಂದು ಹಟ ಹಿಡಿದಳು. ಆಳ್ವರು ಕಲಿಸಿದರು. ಒಂದು ಭಾನುವಾರ ಕಾರ್ಖಾನೆಯ ಗೇಟಿನಿಂದ ನನ್ನನ್ನು ಹಿಂದಕ್ಕೆ ತೆಗೆಯಲು ಹೋಗಿ, ನನ್ನ ಎಡಗಡೆಯ ಹಿಂಬಾಗಿಲನ್ನು ಕಲ್ಲಿನ ಕಂಬಕ್ಕೆ ತಾಗಿಸಿಬಿಟ್ಟಳು. ಅಯ್ಯೋ, ಆ ನೋವು! ಬಾಗಿಲು ಒಳಕ್ಕೆ ಕುಗ್ಗಿತು, ಕೀಲು ಜಗ್ಗಿತು. ಹುಡುಗಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅಳತೊಡಗಿದಳು.

ಆಳ್ವರು ಇಳಿದು ನೋಡಿದರು. ಬಾಗಿಲನ್ನು ದೂಡಿದರು, ಮುಚ್ಚಲಿಲ್ಲ. ಬಡಿದರು, ಮುಚ್ಚಲಿಲ್ಲ. ಕೊನೆಗೆ ಹಿಡಿಯನ್ನು ಹಿಡಿದು ಸ್ವಲ್ಪ ಮೇಲಕ್ಕೆತ್ತಿ ಸೊಂಟದಿಂದ ಒತ್ತಿದರು. ಕ್ಳಕ್ ಎಂದು ಕೂತಿತು.

"ಅಳುವುದೆಂತಕ್ಕೆ ಮಗಾ? ಮುಚ್ತದಲ್ಲ? ಎತ್ತಿ ಒತ್ತಬೇಕು, ಅಷ್ಟೇ. ನೀನೇ ಮಾಡಿ ನೋಡು," ಎಂದರು.

ಅವಳು ಮೂಗು ಒರೆಸಿಕೊಂಡು ಬಂದು ಎತ್ತಿ ಒತ್ತಿದಳು. ಕ್ಳಕ್. ಆಮೇಲೆ ಇಬ್ಬರೂ ಎಷ್ಟು ನಕ್ಕರೆಂದರೆ ನನಗೂ ನೋವು ಮರೆತುಹೋಯಿತು. ಅಂದಿನಿಂದ ಆ ಬಾಗಿಲು ಆ ಇಬ್ಬರ ಕೈಗೆ ಮಾತ್ರ ಬಗ್ಗುವ ಬಾಗಿಲಾಯಿತು.

ಮುಂದೆ ಅವಳಿಗೆ ಮದುವೆಯಾಯಿತು. ಗಂಡನಿಗೆ ಆಫ್ರಿಕಾದ ದಾರೆಸ್ಸಲಾಮಿನಲ್ಲಿ ವ್ಯಾಪಾರ. ಬಜಪೆಯ ವಿಮಾನ ನಿಲ್ದಾಣಕ್ಕೆ ಅವಳನ್ನು ಕರೆದುಕೊಂಡು ಹೋದದ್ದು ನಾನೇ. ಇಳಿದವಳು ಬಾಗಿಲನ್ನು ಎತ್ತಿ ಒತ್ತಿ, ನನ್ನ ಬೆನ್ನಿಗೊಂದು ಏಟು ಕೊಟ್ಟು, ತಿರುಗಿ ನೋಡದೆ ನಡೆದಳು. ನೋಡಿದ್ದರೆ ಹೋಗಲಾಗುತ್ತಿರಲಿಲ್ಲ, ನನಗೆ ಗೊತ್ತು. ಮನೆಗೆ ಬಂದ ಮೇಲೆ ಆಳ್ವರು ಎಂಜಿನ್ ನಿಲ್ಲಿಸಿ ಶೆಡ್ಡಿನೊಳಗೆ ನನ್ನಲ್ಲೇ ಕೂತರು. ಅಡುಗೆಯ ಕಲ್ಯಾಣಿ ಎರಡೆರಡು ಸಲ ಊಟಕ್ಕೆ ಕರೆದಳು. ಅವರು ಏಳಲಿಲ್ಲ.

ಒಮ್ಮೆ ಮೆಕ್ಯಾನಿಕ್ ಬಂದವನು ಬಾಗಿಲನ್ನು ಸರಿಮಾಡಿ ಕೊಡುತ್ತೇನೆಂದ. "ಬೇಡ. ಅದು ಜಲಜ ಮಾಡಿದ್ದು, ಹಾಗೇ ಇರಲಿ," ಎಂದರು ಆಳ್ವರು.

ಹೆಂಚಿನ ಕೆಲಸಕ್ಕೆ ಕೆಟ್ಟ ಕಾಲ ಬಂತು. ಎಲ್ಲರೂ ಕಾಂಕ್ರೀಟಿನ ಮಾಡು ಹಾಕತೊಡಗಿದರು, ಕಾರ್ಖಾನೆ ಮುಚ್ಚಿತು, ಆಳ್ವರು ನನ್ನನ್ನು ಮಾರಬೇಕಾಯಿತು. ಕೊಡುವ ದಿನ ಅವರೇ ನನ್ನನ್ನು ತೊಳೆದರು. ಒರೆಸುತ್ತಿದ್ದಾಗ ಮಗಳ ಟ್ರಂಕ್ ಕಾಲ್ ಬಂತು. ಮೊದಲು ಅಪ್ಪನ ಆರೋಗ್ಯ ಕೇಳಿದಳು, ಆಮೇಲೆ ನನ್ನದು. ಒದ್ದೆ ಕೈಯಲ್ಲಿ ಫೋನು ಹಿಡಿದು ಆಳ್ವರು ಕೂಗಿ ಹೇಳಿದ್ದು ಅಂಗಳದಲ್ಲಿದ್ದ ನನಗೂ ಕೇಳಿಸಿತು. "ಕಾರಾ? ಶೆಡ್ಡಿನಲ್ಲಿ ಉಂಟು ಮಗಾ, ಶೆಡ್ಡಿನಲ್ಲಿ ಉಂಟು!"

ಆ ಸಂಜೆಯೇ ನಾನು ಹಳೇ ಬಂದರಿನ ಇದಿನಬ್ಬನ ಪಾಲಾದೆ. ಅವನದು ಸೋಡಾ ವ್ಯಾಪಾರ. ಹಿಂದಿನ ಸೀಟು ಕಿತ್ತು ಗೋಲಿ ಸೋಡಾದ ಪೆಟ್ಟಿಗೆಗಳನ್ನು ತುಂಬಿದ. ಮೈಯೆಲ್ಲ ಗಲಗಲ ಸದ್ದು, ಮೇನೇಜರರ ಕಾರಿಗೆ ಬಂದ ಗತಿ ನೋಡಿ! ಆದರೂ ಇದಿನಬ್ಬ ಒಳ್ಳೆಯವ. ಎಡಬಾಗಿಲಿಗೆ ಹಗ್ಗ ಕಟ್ಟಿದ, ಬಿಳಿ ಬಣ್ಣ ಹೊಡೆಸಿದ, ಕಡೆಗೊಮ್ಮೆ ಟೆಂಪೋ ತೆಗೆದುಕೊಂಡಾಗ ನನ್ನನ್ನು ಐತಪ್ಪನಿಗೆ ಕೊಟ್ಟ. ಆಳ್ವರು ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಇದಿನಬ್ಬನ ಅಂಗಡಿಯ ಮುಂದೆ, ಸೋಡಾ ಕುಡಿಯುತ್ತಿದ್ದ ಯಾರದೋ ಬಾಯಿಂದ.

ಐತಪ್ಪ ನನಗೆ ಹೊಸ ಸೀಟು ಹಾಕಿಸಿ ಟೂರಿಸ್ಟ್ ಟ್ಯಾಕ್ಸಿ ಮಾಡಿದ. ಪಣಂಬೂರಿನ ಬಂದರಿಗೆ ದೇಶದೇಶ ಸುತ್ತುವ ದೊಡ್ಡ ಹಡಗುಗಳು ಬರತೊಡಗಿದ್ದ ಕಾಲ. ಬೆಳಿಗ್ಗೆ ಹಡಗು ನಿಲ್ಲುತ್ತದೆ, ಸಂಜೆ ಹೊರಡುತ್ತದೆ. ನಡುವೆ ಪ್ರಯಾಣಿಕರು ಟ್ಯಾಕ್ಸಿ ಹಿಡಿದು ಊರು ನೋಡಿ ಬರಬೇಕು. ಹೊಸ ಎ.ಸಿ. ಕಾರುಗಳ ಸಾಲಿನಲ್ಲಿ ನಾನೊಬ್ಬ ಮುದುಕ. ಆದರೂ ಬಿಳಿಯರೆಲ್ಲ ನನ್ನ ಹತ್ತಿರವೇ ಬಂದು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಎಡಬಾಗಿಲು ಅವರ ಕೈಗೆ ಎಲ್ಲಿ ಬಗ್ಗುತ್ತದೆ? ತಿಂಗಳುಗಟ್ಟಲೆ ಹೆಣಗಿ ಅದರ ಗುಟ್ಟು ಕಲಿತಿದ್ದ ಐತಪ್ಪನೇ ಪ್ರತಿಸಲ ಓಡಿಬಂದು ತೆರೆದು ಮುಚ್ಚುತ್ತಿದ್ದ. ಅವರು ಅದನ್ನು ಮರ್ಯಾದೆ ಎಂದುಕೊಂಡು ಕೈಮುಗಿಯುತ್ತಿದ್ದರು.

ಪ್ರತಿ ವರ್ಷ ಮೊದಲ ಹಡಗು ಬರುವ ದಿನ ನಮ್ಮ ಸ್ಟ್ಯಾಂಡಿನಲ್ಲಿ ಒಂದು ಕ್ರಮವಿತ್ತು. ಟ್ಯಾಕ್ಸಿಗಳಿಗೆಲ್ಲ ಪೂಜೆ ಮಾಡಿ, ಚಕ್ರದಡಿ ಲಿಂಬೆಹಣ್ಣು ಇಟ್ಟು, ಮುಂದೆ ದಪ್ಪ ಸೇವಂತಿಗೆ ಹಾರ ಹಾಕಿ, ಹಿಂದೆ ಸ್ವಾಗತದ ಬಟ್ಟೆ ಕಟ್ಟುವುದು. ನಂಬರ್ ಪ್ಲೇಟು ಎರಡು ಕಡೆಯೂ ಮುಚ್ಚಿಹೋಗುತ್ತಿತ್ತು. ಆ ಒಂದು ದಿನ ಪೊಲೀಸರು ಕಂಡೂ ಕಾಣದ ಹಾಗೆ ಇರುತ್ತಿದ್ದರು.

ಅಂಥ ಒಂದು ದಿನ ಬಂದರಿನ ಗೇಟಿನಿಂದ ಒಬ್ಬ ಹೆಂಗಸು ಒಂಟಿಯಾಗಿ ಬಂದರು. ಬಿಳಿ ಕೂದಲು, ಪ್ಯಾಂಟು, ಕಾಲಿಗೆ ಕ್ಯಾನ್ವಾಸ್ ಶೂ. ಐತಪ್ಪ ತನ್ನ ಇಂಗ್ಲಿಷಿನಲ್ಲಿ ದೇವಸ್ಥಾನ, ಚರ್ಚು, ಗೇರುಬೀಜದ ಫ್ಯಾಕ್ಟರಿ ಎಂದು ಹೇಳತೊಡಗಿದ.

"ಅದೆಲ್ಲ ಬೇಡ ಮಾರಾಯ್ರೆ. ನಾನು ಇದೇ ಊರಿನವಳು. ನೇತ್ರಾವತಿ ಹೊಳೆಬದಿಗೆ ಹೋಗುವ," ಎಂದರು ಆಕೆ.

ದನಿ ಕೇಳಿ ನನ್ನ ಎಂಜಿನ್ ನಡುಗಿತು. ಐತಪ್ಪ ಅದಕ್ಕೆ ಡೀಸೆಲನ್ನು ಬೈದ. ಜಲಜಾ! ನನ್ನ ಜಲಜಾ! ನಾನು ಹಾರನ್ ಹೊಡೆಯಬೇಕೆಂದುಕೊಂಡೆ, ದೀಪ ಮಿನುಗಿಸಬೇಕೆಂದುಕೊಂಡೆ. ಕಾರಿನ ಹಣೆಬರಹ ನೋಡಿ, ಇನ್ನೊಬ್ಬರು ಒತ್ತದೆ ನಮಗೆ ಬಾಯಿಲ್ಲ.

ದಾರಿಯುದ್ದಕ್ಕೂ ಅವಳು ಮಾತಾಡಿದಳು. ಗಂಡ ತೀರಿಕೊಂಡಿದ್ದಾನೆ. ಅಪ್ಪ ಹೋದಾಗ ಬರಲಾಗಿರಲಿಲ್ಲ, ಹೊಟ್ಟೆಯಲ್ಲಿ ಮಗುವಿತ್ತು. ಆಮೇಲೆ ಯಾರ ಮುಖ ನೋಡಲು ಬರುವುದೆಂದು ಬರಲೇ ಇಲ್ಲ.

"ವಿಮಾನದಲ್ಲಿ ಬಂದರೆ ಆಗ್ತಿತ್ತಲ್ಲ ಅಮ್ಮಾ? ನಾಲ್ಕು ದಿನ ಇರ್ಬಹುದಿತ್ತು," ಎಂದ ಐತಪ್ಪ.

"ಎಲ್ಲಿ ಇರುವುದು ಹೇಳಿ? ಹಡಗಾದರೆ ಸಂಜೆ ಕರ್ಕೊಂಡು ಹೋಗ್ತದೆ. ಅಪ್ಪನದ್ದು ಏನಾದರೂ ಒಂದು ಉಳಿದಿದ್ದರೆ ಕೈಯಲ್ಲಿ ಮುಟ್ಟಿ ಹೋಗ್ತೇನೆ. ಅಷ್ಟೇ ಸಾಕು."

ಹಿಂದಿನ ಸೀಟಿನಲ್ಲಿ ಕೂತೇ ತಿರುವು ಬಂದಾಗಲೆಲ್ಲ ಅವಳ ಎಡಗಾಲು ನನ್ನ ನೆಲವನ್ನು ಒತ್ತುತ್ತಿತ್ತು. ಅಲ್ಲಿಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು.

ಕಾರ್ಖಾನೆ ಇದ್ದಲ್ಲಿ ಮದುವೆ ಹಾಲ್ ಎದ್ದಿತ್ತು. ಚಿಮಣಿ ಇರಲಿಲ್ಲ, ಕಲ್ಲಿನ ಕಂಬ ಇರಲಿಲ್ಲ. ಮನೆಯಿದ್ದಲ್ಲಿ ದೊಡ್ಡ ಫ್ಲ್ಯಾಟು. ಅವಳು ಗೇಟಿನ ಕಾವಲುಗಾರನನ್ನು ಕೇಳಿದಳು, "ಇಲ್ಲಿ ಒಂದು ಶೆಡ್ ಇತ್ತಲ್ಲ, ಅದರಲ್ಲಿ ಒಂದು ಕಾರು?" ಅವನು ಒಡಿಶಾದಿಂದ ಬಂದವನು, ಭಾಷೆಯೇ ತಿಳಿಯಲಿಲ್ಲ. ಪಕ್ಕದ ಮನೆಯ ಮುದುಕಿಗೆ ಆಳ್ವರ ಹೆಸರು ನೆನಪಿತ್ತು, ಬೇರೇನೂ ನೆನಪಿರಲಿಲ್ಲ. ಕಲ್ಯಾಣಿಯ ಮಕ್ಕಳು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದವರೆಗೆ ಬೀದಿಬೀದಿ ಸುತ್ತಿದೆವು.

ಕೊನೆಗೆ ಬಂದು ಸೀಟಿನ ಮೇಲೆ ಕುಸಿದು ಕೂತಳು. "ಒಂದು ಹೆಂಚಿನ ಚೂರೂ ಸಿಗಲಿಲ್ಲ ಐತಪ್ಪಣ್ಣ. ಆ ಕಾರೊಂದು ಇರ್ತದೆ ಅಂತ ಇತ್ತು ನನಗೆ. ಶೆಡ್ಡಿನಲ್ಲಿ ಉಂಟು ಅಂತ ಅಪ್ಪ ಹೇಳ್ತಿದ್ದರು. ನೀಲಿ ಅಂಬಾಸಿಡರ್."

ಐತಪ್ಪ ನನ್ನ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ, "ನೀಲಿಯಾ? ಅದೆಲ್ಲ ಎಂದೋ ಗುಜರಿಗೆ ಹೋಗಿರ್ತದೆ ಅಮ್ಮಾ. ಈ ಊರಿನಲ್ಲಿ ಹಳೇ ಅಂಬಾಸಿಡರ್ ಅಂತ ಉಳಿದದ್ದು ಇದೊಂದೇ," ಎಂದ. ಪಾಪ, ನನ್ನ ಬಿಳಿಯ ಕೆಳಗೆ ಏನಿದೆಯೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವಳು ಸದ್ದಿಲ್ಲದೆ ಅತ್ತಳು. ಅವಳ ಕಣ್ಣೀರು ನನ್ನ ಮೇಲೇ ಬೀಳುತ್ತಿತ್ತು. ನನ್ನ ಇಡೀ ಬದುಕಿನಲ್ಲಿ ಅಷ್ಟು ಸಂಕಟ ನಾನು ಪಟ್ಟಿಲ್ಲ.

ಬಂದರಿಗೆ ಮರಳುವಾಗ ಕೂಳೂರು ಸೇತುವೆಯ ಮೇಲೆ ಲಾರಿಗಳ ಸಾಲು ನಿಂತಿತ್ತು. ಹೊತ್ತು ಹೋಯಿತು. ಹಡಗಿನವರ ಲೆಕ್ಕ ಕಡಕ್, ಯಾರಿಗೂ ಕಾಯುವುದಿಲ್ಲ. ಗೇಟು ತಲುಪಿದಾಗ ಹಡಗಿನ ಬಳಿಗೆ ಜನರನ್ನು ಒಯ್ಯುವ ಕೊನೆಯ ಬಸ್ಸು ಹೊರಟೇಬಿಟ್ಟಿತ್ತು. "ನಿಲ್ಸಿ! ನಿಲ್ಸಿ ಮಾರಾಯ್ರೆ, ಜನ ಉಂಟು!" ಎಂದು ಕೂಗುತ್ತ ಐತಪ್ಪ ಹಾರಿ ಇಳಿದು ಓಡಿದ. ಬಾಗಿಲು ತೆರೆಯಲು ಅವನಿರಲಿಲ್ಲ. ಜಲಜ ತಾನೇ ತೆರೆದು ಇಳಿದಳು.

ಕಣ್ಣು ಬಸ್ಸಿನ ಮೇಲಿತ್ತು, ಒಂದು ಕೈಯಲ್ಲಿ ಚೀಲ. ಇನ್ನೊಂದು ಕೈ ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿತು. ಸೊಂಟ ಒತ್ತಿತು.

ಕ್ಳಕ್.

ಎರಡು ಹೆಜ್ಜೆ ಹೋದವಳು ಹಾಗೇ ನಿಂತಳು. ಬಸ್ಸು ನಿಲ್ಲಿಸಿ ಏದುಸಿರು ಬಿಡುತ್ತ ಬಂದ ಐತಪ್ಪ ಬಾಗಿಲನ್ನು ನೋಡಿ ಬೆರಗಾದ. "ಇದನ್ನು ಯಾರು ಹಾಕಿದ್ದು? ನನ್ನ ಹೆಂಡತಿಗೇ ಇವತ್ತಿನವರೆಗೆ ಬಗ್ಗಲಿಲ್ಲ ಈ ಬಾಗಿಲು!"

ಅವಳು ಹಿಂದೆ ಬಂದು ಬಾಗಿಲಿನ ಕುಗ್ಗಿದ ಜಾಗವನ್ನು ಬೆರಳಿನಿಂದ ತಡವಿದಳು. "ಇದರ ನಂಬರ್... ನೀವು ಹೇಳಬೇಡಿ," ಎಂದು ತಡವರಿಸಿದಳು. "ಕೊನೆಗೆ ನಲವತ್ತೆರಡು ಹದಿನೇಳು. ಹೌದಾ?"

ಐತಪ್ಪ ಮುಂದೆ ಹೋಗಿ ನಂಬರ್ ಪ್ಲೇಟಿನ ಮೇಲಿನ ಸೇವಂತಿಗೆ ಹಾರವನ್ನು ಎತ್ತಿ ಹಿಡಿದ.

ಅವಳು ನನ್ನ ಬಾನೆಟ್ಟಿನ ಮೇಲೆ ಕೆನ್ನೆಯಿಟ್ಟಳು. ಎಂಜಿನ್ನಿನ ಬಿಸಿಯಿತ್ತು, ಸುಟ್ಟಿರಬೇಕು. ಆದರೂ ಎತ್ತಲಿಲ್ಲ. "ಬೆಳಿಗ್ಗೆಯಿಂದ ಇದರಲ್ಲೇ ಕೂತು ಇದನ್ನೇ ಹುಡುಕಿದೆನಲ್ಲ, ಅಪ್ಪಾ," ಎಂದಳು. ಬಸ್ಸಿನವನು ಹಾರನ್ ಹೊಡೆದ. ಮತ್ತೆ ಹೊಡೆದ. ಐತಪ್ಪ ತನ್ನ ಕಾರ್ಡು ಅವಳ ಚೀಲಕ್ಕೆ ತುರುಕಿ, "ಹೋಗಿ ಅಮ್ಮಾ, ಹಡಗು ಬಿಡ್ತದೆ. ಇದು ನನ್ನ ಹತ್ತಿರ ಉಂಟು, ಎಲ್ಲಿಗೂ ಹೋಗುದಿಲ್ಲ," ಎಂದ. ಅವಳು ನನ್ನ ಬೆನ್ನಿಗೊಂದು ಏಟು ಕೊಟ್ಟಳು, ಹಿಂದೆ ಕೊಡುತ್ತಿದ್ದ ಹಾಗೆಯೇ. ಈ ಸಲ ಮಾತ್ರ ಬಸ್ಸು ತಿರುಗುವವರೆಗೂ ಹಿಂದಿರುಗಿ ನೋಡುತ್ತಲೇ ಇದ್ದಳು.

ಆಮೇಲೆ ನನಗೆ ವಯಸ್ಸಾಯಿತು, ರಸ್ತೆಗೆ ಇಳಿಯುವ ಹಾಗಿಲ್ಲವೆಂದು ಆರ್.ಟಿ.ಓ. ಆಫೀಸಿನವರು ಹೇಳಿದರು. ಐತಪ್ಪ ಹೊಸ ಕಾರು ತೆಗೆದುಕೊಂಡ. ಗುಜರಿಯವರು ಆಗಾಗ ಬಂದು ನನ್ನ ಸುತ್ತ ಸುಳಿಯುತ್ತಾರೆ. "ಅದು ನನ್ನದಲ್ಲ, ಹಡಗಿನ ಪಾರ್ಟಿಯದ್ದು. ನಾನು ಇಟ್ಕೊಂಡದ್ದು ಮಾತ್ರ," ಎಂದು ಅವರನ್ನು ಅಟ್ಟುತ್ತಾನೆ.

ಜಲಜಾಕ್ಷಿ ಮತ್ತೆ ಬಂದಿಲ್ಲ. ಮಂಡಿ ನೋವಂತೆ, ಮೆಟ್ಟಿಲಿಳಿಯುವುದೇ ಕಷ್ಟವಂತೆ. ಇಲ್ಲಿಗೆ ಹಡಗಿನ ಸೈರನ್ ಕೇಳಿಸುತ್ತದೆ. ಕೇಳಿದಾಗಲೆಲ್ಲ ನನ್ನ ಜೀವ ಗೇಟಿನ ಕಡೆಗೆ ಓಡುತ್ತದೆ. ಬರುವುದಿಲ್ಲವೆಂದು ತಿಳಿದೂ ಕಾಯುವುದನ್ನು ನಾನು ಬಿಟ್ಟಿಲ್ಲ.

ಆದರೆ ಮೊದಲ ಹಡಗು ಬರುವ ದಿನ ಅವಳ ಫೋನು ತಪ್ಪುವುದಿಲ್ಲ. ಈ ವರ್ಷವೂ ಬಂತು. ಐತಪ್ಪ ಫೋನು ಹಿಡಿದುಕೊಂಡು ಶೆಡ್ಡಿಗೆ ಬಂದ.

"ಕಾರು ಹೇಗುಂಟು ಐತಪ್ಪಣ್ಣ?"

"ಶೆಡ್ಡಿನಲ್ಲಿ ಉಂಟು ಅಮ್ಮಾ," ಎಂದ. ಆಳ್ವರು ಸುಳ್ಳಾಗಿ ಹೇಳಿದ್ದ ಮಾತನ್ನು ಅವನು ನಿಜ ಮಾಡಿ ಹೇಳಿದ. ಎಡಬಾಗಿಲು ತೆರೆದು ಹೇಂಟೆಯನ್ನು ಮೆಲ್ಲನೆ ಆಚೆ ಸರಿಸಿದ. ಫೋನನ್ನು ಬಾಗಿಲಿನ ಹತ್ತಿರ ಹಿಡಿದು, ಎತ್ತಿ ಒತ್ತಿದ.

ಕ್ಳಕ್.

ಸಮುದ್ರದ ಆಚೆ ಬದಿಯಿಂದ ಅವಳ ದನಿ ಬಂತು.

"ಇನ್ನೊಮ್ಮೆ ಹಾಕಿ."