ನಾಲ್ಕು ಮಳೆಗಾಲದ ಪೆಟ್ರೋಲ್

ಗಂಡ ಬರುವ ಸುದ್ದಿ ಸಿಕ್ಕಿದರೆ ಬೇರೆ ಹೆಂಗಸರು ಎಂತ ಮಾಡ್ತಾರೆ? ಗೋಡೆಗೆ ಸುಣ್ಣ ಬಳಿಸ್ತಾರೆ, ಕೋಳಿ ಹಿಡಿಸ್ತಾರೆ, ಪೆಟ್ಟಿಗೆಯ ಅಡಿಯಲ್ಲಿಟ್ಟ ಸೀರೆಯನ್ನು ಬಿಸಿಲಿಗೆ ಹಾಕ್ತಾರೆ. ನೆಬೀಸ ಇದೊಂದನ್ನೂ ಮಾಡಲಿಲ್ಲ ಮಾರಾಯ್ರೆ. ಸೀದಾ ಹೊಳೆಬದಿಯಲ್ಲಿ ದೋಣಿ ಇಡುವ ಮಾಡಿನ ಕೆಳಗೆ ಹೋದಳು, ಗಂಡ ಬಿಟ್ಟುಹೋದ ಇಂಜಿನು ದೋಣಿಯ ಪೆಟ್ರೋಲ್ ಟಾಂಕಿಯ ಮುಚ್ಚಳ ತೆಗೆದಳು, ಮೂಗು ಇಟ್ಟಳು. ಇಟ್ಟವಳೇ ಮುಖ ಕಿವುಚಿದಳು. ಪೆಟ್ರೋಲಿನ ಆ ಚುರುಕು ವಾಸನೆ ಇಲ್ಲ. ಹಳೆ ವಾರ್ನಿಶಿನ ಹಾಗೆ, ಹುಳಿ ಹಿಡಿದ ಹಾಗೆ ಒಂದು ಮಂಕು ನಾತ. ಅವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಪ್ಪಿಕೊಳ್ಳಲಿಕ್ಕೆ ಮನಸ್ಸಿರಲಿಲ್ಲ, ಅಷ್ಟೇ.

ನೆಬೀಸನ ಮನೆ ಕುಮಾರಧಾರೆಯ ಈಚೆ ದಡದಲ್ಲಿ, ಕಡಬದ ಕಡೆಗೆ. ಅವಳ ಗಂಡ ಆದಂ ಕುಂಞಿಯ ಮನೆ ಆಚೆ ದಡದಲ್ಲಿ, ಕಾಣಿಯೂರಿನ ಕಡೆಗೆ. ಈ ಬ್ಯಾರಿ ಮನೆಗಳಲ್ಲಿ ಮದುವೆಯಾದ ಹೆಣ್ಣು ತಾಯಿಮನೆಯಲ್ಲೇ ಇರುದು. ಗಂಡ ಹೊತ್ತು ಮುಳುಗುವಾಗ ಹೆಂಡತಿ ಮನೆಗೆ ಬರುದು, ಬೆಳಿಗ್ಗೆ ಚಾ ಕುಡಿದು ತನ್ನ ಕೆಲಸಕ್ಕೆ ಹೋಗುದು. ಬೇರೆ ಪುದಿಯಾಪ್ಳೆಗಳು, ಅಂದರೆ ಅಳಿಯಂದಿರು, ನಡೆದು ಬರ್ತಿದ್ದರು. ಆದಂ ಕುಂಞಿ ಬರುದು ಇಂಜಿನಿನಲ್ಲಿ. ಮಹಾಯುದ್ಧ ಮುಗಿದ ಮೇಲೆ ಮಂಗಳೂರಿನಲ್ಲಿ ಹರಾಜಿಗೆ ಬಿದ್ದ ಒಂದು ಇಂಜಿನನ್ನು ತಂದು ದೋಣಿಗೆ ಕೂರಿಸಿದ್ದ. ಹಗಲಿಡೀ ಅಡಿಕೆ ಮೂಟೆ, ಜನ ದಾಟಿಸುವುದು. ಸಂಜೆ ಕೊನೆಯ ಸವಾರಿ ತನ್ನದೇ. ಟಪ್ ಟಪ್ ಟಪ್ ಅಂತ ಆ ಸದ್ದು ಹೊಳೆಯ ತಿರುವಿನಲ್ಲಿ ಕೇಳಿದ ಕೂಡಲೆ ನೆಬೀಸನ ತಾಯಿ ಕುಂಞಿಪಾತುಮ್ಮ ಒಲೆಗೆ ಎರಡು ಕೊಳ್ಳಿ ಹೆಚ್ಚು ಹಾಕ್ತಿದ್ದಳು. ನೆಬೀಸ ಬಾವಿಕಟ್ಟೆಯಲ್ಲಿ ಒಂದು ತಟ್ಟೆ ಅಂಟುವಾಳದ ಪುಡಿ ಇಡ್ತಿದ್ದಳು.

"ಊಟಕ್ಕೆ ಮೊದಲು ಅಂಟುವಾಳ ಹಾಕಿ ಕೈ ತೊಳೀರಿ. ಪೆಟ್ರೋಲ್ ನಾರ್ತದೆ," ದಿನಾ ಅದೇ ಮಾತು. ಅವನು ದಿನಾ ನಗುದು. ಬಾಯಲ್ಲಿ ಬೈಗಳು, ಹೊಟ್ಟೆಯಲ್ಲಿ ಬೆಲ್ಲ. ಆ ವಾಸನೆ ಇಲ್ಲದ ದಿನ ಅವಳಿಗೆ ನಿದ್ರೆ ಬರ್ತಿರಲಿಲ್ಲ.

ಮತ್ತೆ ಎಂತಾಯಿತು ಅಂದರೆ, ಮೇಲಿನ ಕಡವಿಗೆ, ಅಂದರೆ ಹೊಳೆ ದಾಟುವ ಜಾಗಕ್ಕೆ, ಎರಡು ದೋಣಿ ಜೋಡಿಸಿದ ಜಂಗಲ್ ಬಂತು. ಗಾಡಿ, ಎತ್ತು, ಲಾರಿ ಎಲ್ಲ ದಾಟಿಸುವಂಥದ್ದು. ಜನ ಅತ್ತ ತಿರುಗಿದರು. ಐವತ್ತೇಳನೆಯ ಇಸವಿಯ ಮಳೆಗಾಲ ಹಿಡಿಯುವ ಮೊದಲು ಆದಂ ಕುಂಞಿ ಬೊಂಬಾಯಿಗೆ ಹೋಗಿ ಹಡಗಿನ ಇಂಜಿನು ಕೋಣೆಯಲ್ಲಿ ಕೆಲಸಕ್ಕೆ ಸೇರಿದ. ಹೋಗುವ ಹಿಂದಿನ ದಿನ ಟಾಂಕಿ ತುಂಬಿಸಿ ಮುಚ್ಚಳ ಬಿಗಿದು ಹೇಳಿದ್ದ: "ಒಂದು ಮಳೆಗಾಲ, ನೆಬೀಸ. ಬಂದ ದಿನ ಒಂದೇ ಎಳೆತಕ್ಕೆ ಹೊಡೀಬೇಕು ಇದು. ವಾರಕ್ಕೊಮ್ಮೆ ಇಂಜಿನಿನ ಚಕ್ರ ಒಂದು ಸುತ್ತು ತಿರುಗಿಸು, ಇಲ್ಲದಿದ್ರೆ ಜಾಮ್ ಆಗ್ತದೆ. ವರ್ಷಕ್ಕೊಮ್ಮೆ ದೋಣಿಯ ಮರಕ್ಕೆ ಗೇರೆಣ್ಣೆ ಬಳಿಸು."

ಒಂದು ಮಳೆಗಾಲ ನಾಲ್ಕಾಯಿತು. ಹಡಗಿನವರ ಲೆಕ್ಕ ಸಮುದ್ರದ ಲೆಕ್ಕ, ಅದಕ್ಕೆ ದಡ ಇಲ್ಲ. ನೆಬೀಸ ಮಾತ್ರ ಹೇಳಿದ್ದನ್ನು ತಪ್ಪಿಸಲಿಲ್ಲ. ಗುರುವಾರ ಸಂಜೆ, ಶುಕ್ರವಾರದ ಇರುಳು ಹಿಡಿಯುವಾಗ, ಮನೆಯಲ್ಲೆಲ್ಲ ಲೋಬಾನದ ಹೊಗೆ ತೋರಿಸುವುದು ಪದ್ಧತಿ. ಅವಳು ಕೆಂಡದ ಮಡಕೆ ಹಿಡಿದುಕೊಂಡು ಕೋಣೆ ಕೋಣೆ ತಿರುಗಿ, ಕೊನೆಗೆ ದೋಣಿಗೂ ಹೊಗೆ ತೋರಿಸಿ, ಮಡಕೆಯನ್ನು ದೋಣಿಯ ಮೂತಿಯ ಹತ್ತಿರ ಇಟ್ಟು, ಚಕ್ರ ಒಂದು ಸುತ್ತು ತಿರುಗಿಸಿ ಬರ್ತಿದ್ದಳು. ಅದರ ನಡುವೆ ಯಾರಿಗೂ ಹೇಳದ ಒಂದು ಕೆಲಸ ಇತ್ತು. ಮುಚ್ಚಳ ತೆಗೆದು ಮೂಸುವುದು. ಗಂಡನ ಕೈಯ ವಾಸನೆ ಆ ಟಾಂಕಿಯೊಳಗೆ ಉಳಿದಿತ್ತು. ಬೇರೆ ಎಲ್ಲಿಯೂ ಉಳಿದಿರಲಿಲ್ಲ.

ಈಗ ಬೊಂಬಾಯಿ ಹೋಟೆಲಿನಿಂದ ರಜೆಗೆ ಬಂದ ದಾಯಾದಿ ತಮ್ಮ ರವೂಫ್ ಸುದ್ದಿ ತಂದಿದ್ದ. "ಶುಕ್ರವಾರ ಭಾವ ಬರ್ತಾರೆ. ಪುತ್ತೂರಿಂದ ಮಧ್ಯಾಹ್ನದ ಬಸ್ಸಿಗೆ ಆಚೆ ದಡಕ್ಕೆ ಮುಟ್ಟುದು. ಮೈ ಕೈ ಎಲ್ಲ ಗಟ್ಟಿ ಉಂಟು. ಆದ್ರೆ ಮೊದಲಿನ ಹಾಗೆ ಮಾತಿಲ್ಲ ಅಕ್ಕ. ನಾವು ಒಂದು ಕೇಳಿದ್ರೆ ಅವರು ಇನ್ನೊಂದು ಹೇಳುದು."

"ಅವರು ಯಾವಾಗ ಕೇಳಿದ್ದಕ್ಕೆ ಸರಿ ಉತ್ತರ ಕೊಟ್ಟದ್ದು?" ಅಂತ ನೆಬೀಸ ನಕ್ಕುಬಿಟ್ಟಳು.

ನಗು ಹೊರಗಿನದ್ದು. ಒಳಗೆ ಅವಳಿಗೆ ಹೆದರಿಕೆ. ನಾಲ್ಕು ವರ್ಷ ಊರೂರು ಕಂಡ ಮನುಷ್ಯ, ತಾನು ಹೊಳೆಬದಿಯ ಹೆಂಗಸು. ಎದುರು ನಿಂತರೆ ಎಂತ ಹೇಳುದು? ಕಾದೆ ಅಂತ ಹೇಳುದಾ? ಯಾರು ಬೇಕಾದರೂ ಹೇಳ್ತಾರೆ ಅದನ್ನು. ಬಾಯಿಂದ ಬಾರದ್ದನ್ನು ಆ ಇಂಜಿನು ಹೇಳಬೇಕು. ಅವನು ಆಚೆ ದಡದಲ್ಲಿ ನಿಂತಿರುವಾಗ ಟಪ್ ಟಪ್ ಅಂತ ಆ ಸದ್ದು ಅವನ ಕಿವಿಗೆ ಬೀಳಬೇಕು. ಇಷ್ಟು ಕಾಲ ಅವನು ಬರುದು, ಅವಳು ಕೇಳುದು. ಒಂದು ಸಲ ಅವಳು ಹೋಗಿ ಅವನು ಕೇಳಲಿ. ಅವಳಿಗೆ ಬೇಕಾದ್ದು ಇಷ್ಟೇ.

ಸೋಮವಾರವೇ ದೋಣಿಯನ್ನು ನೀರಿಗೆ ಇಳಿಸಿ, ಒಣಗಿದ ಹಲಗೆ ನೀರು ಕುಡಿದು ಉಬ್ಬಲಿಕ್ಕೆ ಬಿಟ್ಟಳು. ಹಗ್ಗ ಸುತ್ತಿ ಚಕ್ರ ಎಳೆದು ನೋಡಿದಳು. ಇಂಜಿನು ಕೆಮ್ಮಲೂ ಇಲ್ಲ. ಆಗ ಅವಳಿಗೆ ನೆನಪಾದದ್ದು ವಸುಮತಿ. ಪಕ್ಕದ ಅಡಿಕೆ ತೋಟದ ಒಡತಿ. ಅವಳ ತೋಟದಲ್ಲಿ ಪೆಟ್ರೋಲಿನಲ್ಲಿ ಸುರುಮಾಡಿ ಸೀಮೆಎಣ್ಣೆಗೆ ತಿರುಗಿಸುವ ಪಂಪು ಇತ್ತು. ಅವಳ ಗಂಡ ಜೋಯಿಸರ ಹಿಂದೆ ತಿರುಗುವ ಮನುಷ್ಯ, ಹಾಗಾಗಿ ಪಂಪು ವಸುಮತಿಯ ಪಾಲಿಗೆ ಬಂದಿತ್ತು.

ಗುರುವಾರ ಮಧ್ಯಾಹ್ನ ಇಳಿಯುವಾಗ ವಸುಮತಿ ರಬ್ಬರ್ ಪೈಪು, ಒಂದು ಕ್ಯಾನು ಹೊಸ ಪೆಟ್ರೋಲ್ ಹಿಡಿದುಕೊಂಡು ಬಂದಳು. ಟಾಂಕಿ ಮೂಸಿ, "ಶಿವನೇ, ಇದೆಂತ ಮಾರಾಯ್ತಿ, ಕಷಾಯವಾ?" ಅಂದಳು. "ಬಿಗಿ ಮುಚ್ಚಳದೊಳಗೂ ಹಾಳಾಗ್ತದೆ, ಒಪ್ಪಿದೆ. ಆದ್ರೆ ಇಷ್ಟು ಹೇಗೆ ಹಾಳಾಯ್ತು? ಯಾರಾದ್ರೂ ಮುಚ್ಚಳ ತೆಗೀತಿದ್ರಾ?"

ನೆಬೀಸ ನೆಲ ನೋಡಿದಳು. ಮುಖ ಕೆಂಪಾಯಿತು. ವಸುಮತಿಗೆ ಅರ್ಥವಾಗಲಿಕ್ಕೆ ಅಷ್ಟು ಸಾಕು.

"ಅಯ್ಯೋ ನಿನ್ನ! ಚುರುಕು ಭಾಗ ಎಲ್ಲ ನಿನ್ನ ಮೂಗಿಗೇ ಹೋಯ್ತು. ಉಳಿದ ಗಷ್ಟು ಇಂಜಿನಿಗೆ. ಒಳ್ಳೆ ಪಾಲು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತಾ ನಗುತ್ತಾ ನೆಬೀಸನ ಕಣ್ಣಲ್ಲಿ ನೀರು ಬಂತು. ವಸುಮತಿ ನೋಡಿಯೂ ನೋಡದ ಹಾಗೆ ಪೈಪು ಒರಸಿದಳು.

ಕೆಲಸ ಹೇಗೆ ಮಾಡಬೇಕು ಅಂತ ನೆಬೀಸನಿಗೆ ಗೊತ್ತಿತ್ತು. ಗಂಡ ಮಾಡುವಾಗ ಹತ್ತಿರ ಕೂತು ನೋಡಿದವಳು. ಮಾಡಿನ ಕೆಳಗೆ ಬೇಡ, ಗಾಳಿ ಆಡುವಲ್ಲಿ ಅಂತ ನೀರಲ್ಲಿದ್ದ ದೋಣಿಯನ್ನು ಬಯಲು ಮರಳಿಗೆ ಎಳೆದರು. ಟಾಂಕಿ ಇಂಜಿನಿನ ಮೇಲೆ ಹಲಗೆಯಲ್ಲಿ ಕೂತದ್ದು. ಕೆಳಗೆ ಮರಳಲ್ಲಿ ಗುಂಡಿ ತೆಗೆದು ತಗಡಿನ ಡಬ್ಬ ಅಲುಗಾಡದ ಹಾಗೆ ಇಟ್ಟರು. ವಸುಮತಿ ಪೈಪಿನ ತುದಿಯನ್ನು ಬಾಯಿಗೆ ಇಡಹೊರಟಳು.

"ಛೀ, ಬಾಯಲ್ಲಿ ಎಳೀಬಾರದು! ಒಳಗೆ ಹೋದ್ರೆ ಶ್ವಾಸಕೋಶ ಸುಡ್ತದಂತೆ," ನೆಬೀಸ ಪೈಪು ಕಿತ್ತುಕೊಂಡಳು. ಇಡೀ ಪೈಪನ್ನು ಸುರುಳಿ ಮಾಡಿ ಟಾಂಕಿಯೊಳಗೆ ಮುಳುಗಿಸಿದಳು, ಅದು ತುಂಬಿದ ಮೇಲೆ ಒಂದು ತುದಿಗೆ ಹೆಬ್ಬೆರಳು ಒತ್ತಿ ಹೊರಗೆ ಎಳೆದು ಡಬ್ಬದೊಳಗೆ ಇಳಿಸಿದಳು. ಬೆರಳು ಬಿಟ್ಟದ್ದೇ ತಡ, ಚಹಾದ ಬಣ್ಣದ ಪೆಟ್ರೋಲ್ ತಾನಾಗಿ ಇಳಿಯಲಿಕ್ಕೆ ಸುರುವಾಯಿತು.

ಅವಳು ಅದನ್ನೇ ನೋಡುತ್ತಾ ಕೂತಳು. ಇದು ಅವನು ತನ್ನ ಕೈಯಾರೆ ತುಂಬಿಸಿದ್ದು. ಅವನು ಇಲ್ಲಿ ಮಾಡಿದ ಕೊನೆಯ ಕೆಲಸ. ಸೊಂಟದಲ್ಲಿ ಒಂದು ಖಾಲಿ ಅತ್ತರಿನ ಕುಪ್ಪಿ ಸಿಕ್ಕಿಸಿಕೊಂಡು ಬಂದಿದ್ದಳು, ಒಂದು ಚೂರು ತುಂಬಿಸಿ ಇಟ್ಟುಕೊಳ್ಳುವ ಅಂತ. ಕುಪ್ಪಿಯನ್ನು ಕೈಗೆ ತೆಗೆದಳು. ಬಗ್ಗಿ ಮೂಸಿದಳು. ಆ ನಾತದಲ್ಲಿ ಅವನು ಎಲ್ಲಿಯೂ ಇರಲಿಲ್ಲ. ಹೋಗಲಿ, ಇನ್ನು ಯಾಕೆ, ಬರುವವರೇ ಬರ್ತಾರಲ್ಲ ಅಂತ ಕುಪ್ಪಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು.

ಅಡಿಯಲ್ಲಿ ನೀರೂ ತುಕ್ಕಿನ ಕೆಸರೂ ಉಳಿದಿತ್ತು. ಟಾಂಕಿ ಕಳಚಿ, ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ಕುಲುಕಿ, ಅದನ್ನೂ ಡಬ್ಬಕ್ಕೆ ಬಗ್ಗಿಸಿದರು. ಹೊಳೆಗೆ ಚೆಲ್ಲುವ ಹಾಗಿಲ್ಲ, ಮೀನು ಸಾಯ್ತದೆ. ಪುತ್ತೂರಿನ ಬಸ್ಸು ಶೆಡ್ಡಿನವರು ಕಬ್ಬಿಣ ತೊಳೀಲಿಕ್ಕೆ ತಗೊಳ್ತಾರೆ ಅಂತ ವಸುಮತಿ ಡಬ್ಬದ ಮುಚ್ಚಳ ಬಿಗಿದು ಹೊನ್ನೆ ಮರದ ನೆರಳಿಗೆ ಇಟ್ಟಳು. ಟಾಂಕಿಯನ್ನು ಬಾಯಿ ತೆರೆದು ಗಾಳಿಗೆ ಇಟ್ಟರು.

"ಖಾಲಿ ಆಯ್ತಲ್ಲ, ಇನ್ನು ಹೆದರಿಕೆ ಎಂತದ್ದು?" ಅಂದಳು ವಸುಮತಿ.

"ಖಾಲಿಯದ್ದೇ ಹೆಚ್ಚು ಹೆದರಿಕೆ ಅಂತ ಅವರು ಹೇಳುದು. ಪೆಟ್ರೋಲ್ ಕಣ್ಣಿಗೆ ಕಾಣ್ತದೆ, ಅದರ ಹಬೆ ಕಾಣುದಿಲ್ಲ. ನೆಲ ಹಿಡಿದು ತೆವಳಿಕೊಂಡು ಹೋಗ್ತದಂತೆ, ಬೆಂಕಿ ಹುಡುಕಿಕೊಂಡು."

ಮಾತು ಬಾಯಲ್ಲಿತ್ತು. ನೆಬೀಸ ತಲೆ ಎತ್ತಿ ನೋಡಿದರೆ, ಮನೆಯ ಕಡೆಯಿಂದ ಕುಂಞಿಪಾತುಮ್ಮ ನಿಧಾನಕ್ಕೆ ಇಳಿದು ಬರ್ತಾ ಇದ್ದಾಳೆ. ಕೈಯಲ್ಲಿ ಕೆಂಡದ ಮಡಕೆ. ಲೋಬಾನದ ಹೊಗೆ ಸುರುಳಿ ಸುರುಳಿಯಾಗಿ ಏಳ್ತಾ ಉಂಟು. ಗಾಳಿ ಹೊಳೆಯಿಂದ ಸೀದಾ ಅವಳ ಕಡೆಗೆ ಬೀಸ್ತಾ ಉಂಟು.

"ಉಮ್ಮಾ! ಅಲ್ಲೇ ನಿಲ್ಲಿ! ಒಂದು ಹೆಜ್ಜೆ ಮುಂದೆ ಇಡಬೇಡಿ!"

ನೆಬೀಸನ ಗಂಟಲಿನಿಂದ ಅಂಥಾ ಕೂಗು ಹುಟ್ಟಿದ್ದು ಅದೇ ಮೊದಲು. ಮುದುಕಿ ಕಲ್ಲಾದ ಹಾಗೆ ನಿಂತಳು.

"ತಿರುಗಿ! ಹಿಂದೆ ಹೋಗಿ! ಅಡುಗೆಮನೆ ಹಿಂದೆ ಹೋಗಿ ಕೆಂಡಕ್ಕೆ ಮರಳು ಹಾಕಿ!"

ಕುಂಞಿಪಾತುಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಎಂತ ಕೂಗುದು ನೀನು? ವಾರ ವಾರ ನೀನೇ ತಗೊಂಡು ಬರುದಲ್ವಾ ಇದನ್ನು ದೋಣಿಗೆ? ಇವತ್ತು ನಿನಗೆ ಕೈ ಬಿಡುವಿಲ್ಲ ಅಂತ ನಾನು ತಂದದ್ದು. ಒಳ್ಳೇದು ಮಾಡ್ಲಿಕ್ಕೂ ಉಂಟಾ ಈ ಮನೆಯಲ್ಲಿ!" ಅಂತ ಗೊಣಗುತ್ತಾ ತಿರುಗಿ ಹೋದಳು.

ನೆಬೀಸ ಮರಳಿನ ಮೇಲೆ ಕೂತುಬಿಟ್ಟಳು. ಹೌದಲ್ಲ. ವಾರ ವಾರ ತಾನೇ. ದೋಣಿಯ ಮೂತಿಯಲ್ಲಿ ಕೆಂಡ, ಹಿಂದೆ ಮುಚ್ಚಳ ತೆಗೆದ ಟಾಂಕಿ, ಅದರಲ್ಲಿ ತನ್ನ ಮೂಗು. ಗಂಡ ಹೇಳಿದ್ದೆಲ್ಲ ಬಾಯಿಪಾಠ ಇತ್ತು. ಆದರೆ ಲೋಬಾನವನ್ನು ಬೆಂಕಿ ಅಂತ ಅವಳು ಒಂದು ದಿನವೂ ಎಣಿಸಿರಲಿಲ್ಲ. ಅದು ಬರ್ಕತ್ತು, ಮನೆಗೆ ಒಳ್ಳೆಯದಾಗಲಿ ಅಂತ ಹಿಡಿಯುವುದು. ಅದು ಸುಡುತ್ತದಾ?

"ವಸು, ನಾನು ಸುಟ್ಟು ಹೋಗ್ತಿದ್ದೆ," ಅಂದಳು. "ಅವರು ಬರುವಾಗ ಮಾಡೂ ಇಲ್ಲ, ನಾನೂ ಇಲ್ಲ."

"ಇದ್ದೀಯಲ್ಲ ಈಗ. ಏಳು. ನಿನ್ನ ದೇವರು ನನ್ನ ದೇವರು ಇಬ್ಬರೂ ಸೇರಿ ಕಾದಿದ್ದಾರೆ ನಿನ್ನನ್ನು. ಒಬ್ಬರಿಂದ ಆಗುವ ಕೆಲಸ ಅಲ್ಲ ಅದು."

ಮರುದಿನ ಬೆಳಿಗ್ಗೆ ಟಾಂಕಿಯ ನಾತ ಪೂರಾ ಹೋಗಿತ್ತು. ಕಾರ್ಬುರೇಟರಿನ ತೂತಲ್ಲಿ ಕಟ್ಟಿದ ಅಂಟನ್ನು ಹೊಸ ಪೆಟ್ರೋಲಿನಲ್ಲಿ ನೆನೆಸಿ, ಹಿಡಿಸೂಡಿಯ ಕಡ್ಡಿಯಿಂದ ಬಿಡಿಸಿದರು. ಗಂಡನ ಹಳೆ ಮುಂಡಿನ ತುಂಡಿನಲ್ಲಿ ಸೋಸಿ ಹೊಸತನ್ನು ತುಂಬಿಸಿದರು. ನೆಬೀಸ ಬಿಸ್ಮಿಲ್ಲಾ ಹೇಳಿ ಹಗ್ಗ ಎಳೆದಳು. ಇಲ್ಲ. ಇನ್ನೊಮ್ಮೆ. ಕೆಮ್ಮಿತು. ಮತ್ತೊಮ್ಮೆ ಸೊಂಟ ಬಗ್ಗಿಸಿ ಎಳೆದಳು ನೋಡಿ, ಟಪ್ ಟಪ್ ಟಪ್! ಹೊಳೆಗೆ ಹೊಳೆಯೇ ಎದ್ದು ಕೂತ ಹಾಗಾಯಿತು. ಮನೆಯಲ್ಲಿ ಕುಂಞಿಪಾತುಮ್ಮ ಗಡಿಬಿಡಿಯಲ್ಲಿ ಒಲೆಗೆ ಎರಡು ಕೊಳ್ಳಿ ಹೆಚ್ಚು ಹಾಕಿದಳು.

ಅಂಟುವಾಳ ಹಾಕಿ ಎಷ್ಟು ತಿಕ್ಕಿದರೂ ನೆಬೀಸನ ಕೈಯ ವಾಸನೆ ಹೋಗಲಿಲ್ಲ. ತೊಳೆಯುತ್ತಾ ಕೂತರೆ ಬಸ್ಸು ಬಂದೀತು ಅಂತ ಹಾಗೆಯೇ ಹೊರಟಳು. ಗಂಡನನ್ನು ಕರೆಯಲಿಕ್ಕೆ ಹೆಂಡತಿ ಹೊಳೆ ದಾಟಿದ್ದನ್ನು ಆ ಕಡವು ಕಂಡಿರಲಿಲ್ಲ. ಕಂಡವರು ಎಂತ ಬೇಕಾದರೂ ಹೇಳಲಿ.

ಬಸ್ಸು ಬಂದು ಹೋಗಿತ್ತು. ನಡುಹೊಳೆಗೆ ಬರುವಾಗಲೇ ಅವನು ಕಂಡ. ಟ್ರಂಕಿನ ಮೇಲೆ ಕೂತಿದ್ದ, ಹೊಳೆಗೆ ಬೆನ್ನು ಹಾಕಿ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಆದರೂ ಆ ಹೆಗಲು ಅವಳಿಗೆ ತಪ್ಪೀತಾ? ಇಂಜಿನಿನ ಸದ್ದಿಗೆ ಬೆಳ್ಳಕ್ಕಿ ಹಾರಿದವು. ಚಾದಂಗಡಿಯವನು ಹೊರಗೆ ಬಂದು ನೋಡಿದ. ಹುಟ್ಟು ಹಾಕುವ ಬೆಳ್ಯಪ್ಪ ತನ್ನ ದೋಣಿಯಲ್ಲಿ ಎದ್ದು ನಿಂತು, "ಓ ಆದಂ! ನೋಡು ಮಾರಾಯ!" ಅಂತ ಬೊಬ್ಬೆ ಹಾಕಿದ. ಎಲ್ಲರೂ ತಿರುಗಿದರು.

ಅವನು ತಿರುಗಲಿಲ್ಲ.

ನೆಬೀಸ ಹತ್ತಿರ ಬಂದಳು. ಸದ್ದು ದಡಕ್ಕೆ ಬಡಿದು ವಾಪಸು ಬರುವಷ್ಟು ಹತ್ತಿರ. ಆಗಲೂ ಬೆನ್ನೇ. ಬೇಡವಾ ಇವರಿಗೆ ನಾನು? ಯಾವುದೋ ಬಂದರಿನಲ್ಲಿ ಮನಸ್ಸು ಬಿಟ್ಟು ಬಂದರಾ? ನಾಲ್ಕು ಮಳೆಗಾಲ ಚಕ್ರ ತಿರುಗಿಸಿದ್ದು ಈ ಬೆನ್ನು ನೋಡಲಿಕ್ಕಾ? ಅಳುವೂ ಸಿಟ್ಟೂ ಒಟ್ಟಿಗೆ ಬಂತು ಅವಳಿಗೆ. ದೋಣಿ ಮರಳಿಗೆ ಏರಿದ್ದೇ, ಇಂಜಿನು ನಿಲ್ಲಿಸದೆ ಇಳಿದು, ನೀರಲ್ಲಿ ಸೀರೆ ಒದ್ದೆ ಮಾಡಿಕೊಂಡು ಹೋಗಿ ಅವನ ಹೆಗಲಿಗೆ ಕೈ ಇಟ್ಟಳು.

ಅವನು ಬೆಚ್ಚಿ ಎದ್ದ. ತಿರುಗಿದ. ಅವಳನ್ನು ನೋಡಿದ. ಮುಖ ಇಡೀ ಅರಳಿತು.

"ನೆಬೀಸ! ನೀನು ಯಾವಾಗ ಬಂದದ್ದು?"

ಪಕ್ಕದಲ್ಲಿ ನಿಂತವಳ ಹತ್ತಿರ, ಆಚೆ ದಡಕ್ಕೆ ಕೇಳುವ ಹಾಗೆ ಕೂಗಿ ಕೇಳಿದ. ಅವಳ ಬೆನ್ನ ಹಿಂದೆ ಇಂಜಿನು ಅಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತು. ಅವಳಿಗೆ ಅರ್ಥವಾಯಿತು. ಹಡಗಿನ ಇಂಜಿನು ಕೋಣೆ ಅವನ ಎರಡೂ ಕಿವಿ ತಿಂದು ಕಳಿಸಿತ್ತು.

ಮಾತಾಡಿ ಎಂತ ಪ್ರಯೋಜನ? ಅವನ ಕೈ ಹಿಡಿದು ದೋಣಿಗೆ ಕರಕೊಂಡು ಬಂದಳು. ಅಂಗೈಯನ್ನು ಇಂಜಿನಿನ ಮೇಲಿನ ಹಲಗೆಗೆ ಒತ್ತಿ ಹಿಡಿದಳು. ಹಲಗೆ ನಡುಗುತ್ತಿತ್ತು. ಆದಂ ಕುಂಞಿ ಕಣ್ಣು ಮುಚ್ಚಿದ.

"ಹೊಡೀತಾ ಉಂಟು," ಅಂದ. ಮತ್ತೆ ಕಣ್ಣು ಬಿಟ್ಟು, "ನಾನು ತುಂಬಿಸಿದ ಪೆಟ್ರೋಲ್ ಹಾಳಾಗಿರ್ಬೇಕಲ್ಲ. ಯಾರು ತೆಗೆದದ್ದು?"

ನೆಬೀಸ ತನ್ನ ಎರಡೂ ಕೈ ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು. ಅವನು ಮೂಸಿದ. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಹೋಯಿತು, ಬಾಯಿ ಮಾತ್ರ ನಗುತ್ತಿತ್ತು.

"ಪೆಟ್ರೋಲ್ ನಾರ್ತದೆ," ಅಂತ ಹೊಳೆಯ ಎರಡು ದಡಕ್ಕೂ ಕೇಳುವ ಹಾಗೆ ಕೂಗಿ ಹೇಳಿದ. "ಊಟಕ್ಕೆ ಮೊದಲು ಅಂಟುವಾಳ ಹಾಕಿ ಕೈ ತೊಳಿ."